ಮೆತ್ತನೆ ನೀರು

ಮರಡಿಪುರದ ಗಂಡು ಅಂದರೆ ಹೆಣ್ಣಿನ ಕಡೆಯವರು ಮೊದಲು ವಿಚಾರಿಸುತ್ತಿದ್ದದ್ದು ಕೆಲಸವನ್ನಲ್ಲ, ಕೂದಲನ್ನು. ‘ತಲೆ ಮೇಲೆ ಏನಾದ್ರೂ ಉಳಿದಿದೆಯಾ, ಇಲ್ಲ ಎಲ್ಲಾ ಬಚ್ಚಲಿಗೆ ಹೋಯ್ತಾ?’ ಎಂದು. ನಮ್ಮೂರ ನಲ್ಲಿ ನೀರು ಅಷ್ಟು ಗಡಸು. ಸೋಪು ಉಜ್ಜಿದರೆ ನೊರೆಯ ಬದಲು ಒಡೆದ ಹಾಲಿನಂಥ ಗಸಿ ಬರುತ್ತಿತ್ತು. ಕುಕ್ಕರ್ ಎಷ್ಟು ಸಲ ಕೂಗಿದರೂ ತೊಗರಿಬೇಳೆ ಬೇಳೆಯಾಗಿಯೇ ಉಳಿಯುತ್ತಿತ್ತು. ಹೊಸ ಸ್ಟೀಲ್ ಲೋಟ ಒಂದೇ ತಿಂಗಳಲ್ಲಿ ವಿಭೂತಿ ಬಳಿದುಕೊಂಡು ಕೂರುತ್ತಿತ್ತು. ಷವರಿನ ತೂತುಗಳನ್ನು ಪಿನ್ನಿನಿಂದ ಚುಚ್ಚುವುದು ಗಂಡಸರ ಭಾನುವಾರದ ಕೆಲಸ. ಇಡ್ಲಿ ಪಾತ್ರೆಯ ತಳದ ಬಿಳಿ ಹಕ್ಕಳೆಯನ್ನು ಹುಣಸೆಹಣ್ಣು ಹಾಕಿ ಕುದಿಸಿ ಬಿಡಿಸುವುದು ಹೆಂಗಸರದು. ತಾರಸಿಯ ಸೋಲಾರ್ ಕೊಳವೆಗಳ ಒಳಗೂ ಅದೇ ಹಕ್ಕಳೆ ಕಟ್ಟಿ, ಎಂಥ ಬಿಸಿಲಲ್ಲೂ ನೀರು ಉಗುರುಬೆಚ್ಚಗಿಂತ ಮೇಲೆ ಏರುತ್ತಿರಲಿಲ್ಲ. ಈ ಸೋಲಾರಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಾನು ವಿಶಾಲಾಕ್ಷಿ. ಊರಿಗೆಲ್ಲ ನೀರು ಬಿಡುವ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಆ ಕೇಂದ್ರಕ್ಕೆ ಊರವರು ನೀರುಮನೆ ಅನ್ನುತ್ತಾರೆ. ದೂರಿನ ಫೋನು ಎತ್ತುತ್ತಿದ್ದವಳೂ ನಾನೇ. ಜನ ನನ್ನನ್ನು ಬೈಯುತ್ತಿದ್ದರು, ನಾನು ಜನರನ್ನು ಬೈಯುತ್ತಿದ್ದೆ. ‘ಏನ್ ಮೇಡಂ, ನೀರು ಬಿಡ್ತೀರೋ ಸುಣ್ಣ ಬಿಡ್ತೀರೋ?’ ಎಂದರೆ ‘ಸುಣ್ಣ ಅಂತಾನೇ ಅಂದ್ಕೊಳ್ಳಿ, ಹಬ್ಬಕ್ಕೆ ಗೋಡೆಗೆ ಬಳೀರಿ’ ಎಂದು ಇಟ್ಟುಬಿಡುತ್ತಿದ್ದೆ. ನನ್ನ ಬಾಯಿ ಜೋರು, ಇಡೀ ಊರಿಗೆ ಗೊತ್ತು. ಈ ಕಥೆಯಲ್ಲಿ ಅದು ಅಷ್ಟಾಗಿ ಕೇಳಿಸದಿದ್ದರೆ ಅದಕ್ಕೂ ನೀರೇ ಕಾರಣ.

ಹೀರುಪೊರೆ ಬಂದದ್ದು ಹೀಗೆ ಬೈದಾಡಿಕೊಂಡಿದ್ದ ಕಾಲದಲ್ಲಿ. ನಮ್ಮ ಲ್ಯಾಬಿನ ಕೆಮಿಸ್ಟ್ ಜೀನತ್ ಅದನ್ನು ನನ್ನ ತಲೆಗೆ ಹೋಗುವಂತೆ ಬಿಡಿಸಿ ಹೇಳಿದಳು.

‘ಪೈಪಿನ ಒಳಗೋಡೆಗೆ ಒಂದು ಬಲೆ ಬಳೀತಾರೆ ಅಕ್ಕಾ. ಕಣ್ಣಿಗೆ ಕಾಣಲ್ಲ. ಆ ಬಲೇಲಿ ಕೋಟಿ ಕೋಟಿ ಜೇಬು. ಒಂದೊಂದು ಜೇಬೂ ಕ್ಯಾಲ್ಸಿಯಂ ಅಳತೆಗೇ ಹೊಲಿದಿದ್ದು. ನೀರು ಹರೀತಿದ್ದಂಗೆ ಸುಣ್ಣದ ಅಂಶ ಜೇಬಿಗೆ ಬೀಳತ್ತೆ, ನೀರು ಮೆತ್ತಗಾಗಿ ಮುಂದಕ್ಕೆ ಹೋಗತ್ತೆ. ಜೇಬು ತುಂಬಿದಾಗ ನೀನು ಬಟನ್ ಒತ್ತಬೇಕು. ಸಣ್ಣಗೆ ಕರೆಂಟು ಹರಿದು ಎಲ್ಲಾ ಜೇಬೂ ಚರಂಡಿಗೆ ಖಾಲಿ.’

‘ಒತ್ತದೇ ಇದ್ರೆ?’

‘ಏನಾಗತ್ತೆ? ಜೇಬು ತುಂಬಿರೋದ್ರಿಂದ ಗಡಸು ನೀರು ಗಡಸಾಗೇ ಹೋಗತ್ತೆ.’

ಬಟನ್ನಿನ ಮೇಲೆ ‘ತೊಳೆ’ ಎಂದು ಬರೆದಿತ್ತು. ಪಾಳಿಗೊಂದು ಸಲ ಒತ್ತಬೇಕು. ಮೊದಲ ದಿನ ನಮ್ಮ ಎಂಜಿನಿಯರ್ ಕುಬೇರಪ್ಪನವರು ಪ್ಯಾನೆಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದಿಟ್ಟು, ನನ್ನ ಕೈಯಲ್ಲೇ ಒತ್ತಿಸಿದರು. ಊರಿನ ಬೋರ್‌ವೆಲ್‌ಗಳಿಗೆಲ್ಲ ಆ ಹೊತ್ತಿಗಾಗಲೇ ಬೀಗ ಬಿದ್ದಿತ್ತು, ಒಂದು ತೊಟ್ಟು ಗಡಸು ನೀರೂ ಯಾರ ಮನೆಗೂ ಹೋಗಬಾರದು ಎಂದು.

ಅಯ್ಯೋ, ಆಮೇಲಿನ ಸಂಭ್ರಮ ಹೇಳತೀರದು! ಸೋಪು ಎಷ್ಟು ನೊರೆ ಬಂತೆಂದರೆ ಸುರಿದುಕೊಂಡಷ್ಟೂ ಮೈ ಜಾರುತ್ತಲೇ ಇತ್ತು. ಬೇಳೆ ಎರಡು ಕೂಗಿಗೆ ಕರಗಿತು. ಸೀರೆ ಒಗೆದರೆ ಬಣ್ಣ ಬಣ್ಣವಾಗಿಯೇ ಇರುತ್ತಿತ್ತು. ಗಂಡುಗಳ ತಲೆಯಲ್ಲಿ ಕೂದಲು ನಿಂತಿತು. ಸೋಲಾರಿನ ಕೊಳವೆಗಳನ್ನೆಲ್ಲ ಒಂದು ಸಲ ತೊಳೆಸಿದ ಮೇಲೆ ಮತ್ತೆ ಹಕ್ಕಳೆ ಕಟ್ಟಲಿಲ್ಲ, ನೀರು ಹೊಗೆಯಾಡುತ್ತ ಬರತೊಡಗಿತು. ದೂರಿನ ಫೋನು ನಿಂತುಹೋಗಿ ನನಗೆ ಬೈಯಲು ಜನವೇ ಸಿಗದಂತಾಯಿತು.

ಆಮೇಲೆ ಜೋಮು ಶುರುವಾಯಿತು.

ನನಗೆ ಗೊತ್ತಾದದ್ದು ಹುರುಳಿಕಾಯಿ ಹೆಚ್ಚುವಾಗ. ಕಾಯಿ ಯಾಕೆ ಕೆಂಪಗಿದೆ ಎಂದು ನೋಡಿದರೆ ಬೆರಳು ಕೊಯ್ದಿತ್ತು. ತುಟಿಯ ಸುತ್ತ, ಬೆರಳ ತುದಿಯಲ್ಲಿ, ತುಂಬ ಹೊತ್ತು ಚಕ್ಕಲಮಕ್ಕಲ ಹಾಕಿ ಕೂತ ಕಾಲಿಗೆ ಹಿಡಿಯುವ ಜೋಮು. ಟೈಲರ್‌ಗಳು ಸೂಜಿ ಚುಚ್ಚಿಕೊಂಡು ಬಟ್ಟೆಗೆಲ್ಲ ರಕ್ತ ಮಾಡಿದರು. ಹೆಂಚಿಗೆ ಕೈ ತಾಗಿದರೆ ವಾಸನೆ ಬಂದ ಮೇಲೆ ತಿಳಿಯುತ್ತಿತ್ತು. ಅಂಗಡಿಗೆ ‘ಬಿಸಿಬಳೆ’ ಬಂತು. ಮುಂಗೈಗೆ ಹಾಕಿಕೊಂಡರೆ ಬಿಸಿ ಹತ್ತಿರ ಬಂದಾಗ ಕಿರುಚುವ ಬಳೆ. ಎಲ್ಲರೂ ಕೊಂಡೆವು. ಅಡುಗೆಮನೆಯಲ್ಲಿ ಒಗ್ಗರಣೆ ಸದ್ದಿನ ಜೊತೆಗೆ ಬಳೆಯ ಸದ್ದೂ ಸೇರಿ ಅದಕ್ಕೂ ಹೊಂದಿಕೊಂಡೆವು.

ಕೊನೆಗೆ ಅದು ಒಳಕ್ಕೂ ಇಳಿಯಿತು. ಪಕ್ಕದ ಮನೆಯಲ್ಲಿ ಇನ್ನೂ ವಯಸ್ಸಾಗದ ಗಂಡಸು ಸತ್ತ. ಹೆಣದ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಅಳಬೇಕು ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರಿಗೂ ಬರಲಿಲ್ಲ. ಅವನ ಹೆಂಡತಿ ಎದ್ದು ಬಂದವರಿಗೆ ಕಾಫಿ ಮಾಡಿದಳು. ನನಗೂ ಹಾಗೇ. ಕೋಪ ಬರಬೇಕಾದಲ್ಲಿ ಕೋಪದ ಮಾತುಗಳೆಲ್ಲ ಬಾಯಲ್ಲಿದ್ದವು, ಬಿಸಿ ಮಾತ್ರ ಇರಲಿಲ್ಲ. ಒಂದು ದಿನ ಕುಬೇರಪ್ಪನವರಿಗೆ ‘ನಿಮ್ಮ ತಲೆ’ ಎಂದೆ. ಅವರು ‘ಹೂಂ’ ಎಂದರು. ಇಬ್ಬರೂ ಕೆಲಸಕ್ಕೆ ಹೋದೆವು.

ಜೀನತ್ ಲ್ಯಾಬಿನಲ್ಲಿ ನನ್ನ ಬೆರಳಿನ ರಕ್ತವನ್ನು ಗಾಜಿನ ಮೇಲೆ ಹಚ್ಚಿ ಪರದೆಯ ಮೇಲೆ ತೋರಿಸಿದಳು. ಬೂದು ಬಣ್ಣದ ಹೊಟ್ಟಿನ ಚೂರುಗಳಂಥವು ತೇಲುತ್ತಿದ್ದವು.

‘ಇವು ಹೀರುಪೊರೆಯ ಚೂರು. ಪ್ರತಿ ಸಲ ತೊಳೆದಾಗ ಬಲೆ ಸ್ವಲ್ಪ ಸ್ವಲ್ಪ ಉದುರ್ತಿದೆ. ಖಾಲಿ ಜೇಬು ಹೊತ್ಕೊಂಡು ಮೈಯೊಳಗೆ ಬಂದು ನರದ ತುದಿಯಲ್ಲಿ ಕೂರ್ತಿವೆ. ಸುಡ್ತು, ಚುಚ್ತು ಅಂತ ನರ ಸುದ್ದಿ ಕಳಿಸೋದೇ ಕ್ಯಾಲ್ಸಿಯಂ ಬಲದಿಂದ. ಅದನ್ನ ಇವು ಅಲ್ಲೇ ಕಿತ್ಕೊಂಡುಬಿಡ್ತವೆ.’

‘ಹಾಲು ಕುಡಿದ್ರೆ? ಮಾತ್ರೆ?’

‘ನೋಡಿದೆ. ಆಗ್ತಿಲ್ಲ. ಇವು ಸಾಲದು ಅಂತ ಪ್ರತಿ ಲೋಟದಲ್ಲೂ ಹೊಸದಾಗಿ ಹಸಿದ ಜೇಬು ಬರ್ತಾನೇ ಇವೆ. ತೊಳೆಯೋದು ನಿಲ್ಲಿಸಿದ್ರೆ ಉದುರೋದೂ ನಿಲ್ಲತ್ತೆ. ಗಡಸು ನೀರು ಒಳಗೆ ಹೋದಂಗೆಲ್ಲ ಮೈಯಲ್ಲಿರೋ ಜೇಬೂ ತುಂಬಿ ತಾವಾಗೇ ಹೊರಬೀಳ್ತವೆ. ಒಂದೆರಡು ತಿಂಗಳು ಸಾಕು.’ ಆಮೇಲೆ ತಡೆದು, ‘ಒಂದು ವಿಚಿತ್ರ ಅಕ್ಕಾ. ಎಲೆಅಡಿಕೆ ಹಾಕೋ ಕೆಲವ್ರಲ್ಲಿ ಜೋಮು ಕಮ್ಮಿ ಅನ್ನಿಸ್ತಿದೆ. ಸುಣ್ಣ ತಿನ್ತಾರಲ್ಲ, ಅದಕ್ಕಿರಬೋದು. ಆದ್ರೆ ಖಾತ್ರಿ ಇಲ್ಲ, ಯಾರಿಗೂ ಹೇಳ್ಬೇಡ’ ಎಂದಳು.

ಯಾರಿಗೂ ಹೇಳಬೇಡ ಅಂದದ್ದು ಊರಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ವಾರ ಕಳೆಯುವುದರೊಳಗೆ ಕಾಲೇಜು ಹುಡುಗಿಯರೂ ಎಲೆಗೆ ಸುಣ್ಣ ಸವರಿ ಬಾಯಿಗಿಡತೊಡಗಿದರು.

ಕುಬೇರಪ್ಪನವರು ವಾರ್ಡಿನವರನ್ನೆಲ್ಲ ಕಲ್ಯಾಣಮಂಟಪಕ್ಕೆ ಕರೆಸಿ ವಿಷಯ ಮುಂದಿಟ್ಟರು. ತೊಳೆಯುವುದನ್ನು ನಿಲ್ಲಿಸಿದರೆ ಜೋಮು ಹೋಗುತ್ತದೆ, ಹಳೆಯ ಗಡಸು ನೀರು ಬರುತ್ತದೆ, ಏನು ಮಾಡೋಣ ಎಂದು. ಮುಂದಿನ ಸಾಲಿನ ಒಬ್ಬ ಹೆಂಗಸು ಎದ್ದು ‘ಜೋಮು ತಾನೇ ಸಾರ್, ನೋವಲ್ವಲ್ಲ’ ಎಂದಳು. ‘ಬೇಳೆ ಚೆನ್ನಾಗಿ ಬೇಯ್ತಿದೆ’ ಎಂದ ಇನ್ನೊಬ್ಬ. ಕೈ ಎತ್ತಿ ಅಂದರು, ಮೆತ್ತನೆ ನೀರೇ ಇರಲಿ ಎಂದು ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಮನೆಯಲ್ಲಿ ಬಾಣಂತಿ ಇದ್ದಳು, ದಿನಾ ರಾಶಿ ಬಟ್ಟೆ ಒಗೆಯುವುದಿತ್ತು.

ಬಾಣಂತಿ ನನ್ನ ಮಗಳು ಚಿನ್ಮಯಿ. ಇದೇ ಊರಿನ ಇನ್ನೊಂದು ಬಡಾವಣೆಗೆ ಕೊಟ್ಟಿದ್ದೆ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಚಳಿಗಾಲದಲ್ಲಿ ಹೆಣ್ಣು ಕೂಸು ಹುಟ್ಟಿತು. ದುಂಡಗಿನ ಕೂಸು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, ‘ಎಷ್ಟು ಒಳ್ಳೇ ಕೂಸಮ್ಮಾ, ಅತ್ತಿದ್ದೇ ಕೇಳಿಲ್ಲ’ ಎಂದು. ಹೌದು, ಹುಟ್ಟಿದಾಗ ಒಂದು ಸಲ ಕೀಂ ಅಂದದ್ದು ಬಿಟ್ಟರೆ ಅದು ಅತ್ತೇ ಇರಲಿಲ್ಲ. ಒದ್ದೆಯಾದರೂ ಸುಮ್ಮನೆ, ಹಸಿದರೂ ಸುಮ್ಮನೆ. ಗಡಿಯಾರ ನೋಡಿಕೊಂಡು ಎದೆಗೆ ಹಾಕಿಕೊಳ್ಳಬೇಕಿತ್ತು.

ಜನರ ಕಣ್ಣು ಬೀಳುತ್ತದೆ ಎಂದು ನನ್ನ ಅವ್ವ ಹಾಲಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮನೆ ತುಂಬ ಹೊಗೆ. ಒಬ್ಬರೂ ಕೆಮ್ಮಲಿಲ್ಲ.

‘ನೋಡ್ದಾ?’ ಎಂದಳು ಅವ್ವ. ‘ಒಂಚೂರೂ ಘಾಟು ಬರ್ಲಿಲ್ಲ. ಎಷ್ಟು ದೃಷ್ಟಿ ಆಗಿತ್ತು ನನ್ ಬಂಗಾರಕ್ಕೆ!’

ಅವ್ವ ಎಪ್ಪತ್ತು ದಾಟಿದವಳು. ನಮ್ಮ ಬೀದಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆದವಳು ಅವಳೇ. ನನಗೆ, ಚಿನ್ಮಯಿಗೆ, ಈಗ ಚಿನ್ಮಯಿಯ ಮಗಳಿಗೆ. ಬಚ್ಚಲಲ್ಲಿ ಮಣೆ ಹಾಕಿ, ಎರಡೂ ಕಾಲು ನೀಡಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಚೊಂಬು ಚೊಂಬಾಗಿ ಬಿಸಿನೀರು ಹೊಯ್ಯುವಳು. ‘ಕೂಸಿಗೆ ಬಿಸಿ ಬೀಳ್ಬೇಕು, ಎಲುಬು ಗಟ್ಟಿ ಆಗ್ತವೆ’ ಎನ್ನುವಳು. ನೀರಿನ ಹದಕ್ಕೆ ಅವಳಿಗೆ ಎರಡೇ ಲೆಕ್ಕ. ಮೊದಲು ತನ್ನ ಕೈ ಅದ್ದಿ ನೋಡುವುದು, ಆಮೇಲೆ ಕೂಸಿನ ಅಳು ಕೇಳುವುದು. ‘ಹಠದ ಅಳು ಬ್ಯಾರೆ, ಸುಟ್ಟ ಅಳು ಬ್ಯಾರೆ. ಸುಟ್ಟ ಅಳು ಕೇಳಿದ್ರೆ ನನ್ ಕೈ ತಾನಾಗೇ ನಿಲ್ತೈತೆ’ ಎಂದು ಎಷ್ಟೋ ಸಲ ಹೇಳಿದ್ದಳು.

ಕೂಸಿಗೆ ಎರೆಯಲು ಶುರು ಮಾಡುವ ಮುಂಚೆ ನಾನೊಂದು ಬಿಸಿಬಳೆ ತಂದು ಕೊಟ್ಟೆ. ಅವಳು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ಗೂಡಿಗೆ ಎಸೆದಳು.

‘ನನ್ ಕೈಗಿಂತ ಈ ಪ್ಲಾಸ್ಟಿಕ್ಕು ದೊಡ್ಡದೇನೇ? ನಂಗೆ ಜೋಮೂ ಇಲ್ಲ ಗೀಮೂ ಇಲ್ಲ. ಮೂರು ಹೊತ್ತು ಎಲೆ ಹಾಕ್ತೀನಿ, ಸುಣ್ಣ ತಿನ್ತೀನಿ. ನಿಮ್ ಲ್ಯಾಬಿನೋರೇ ಹೇಳಿದ್ರಂತಲ್ಲ!’

ಹೌದಲ್ಲ ಅಂದುಕೊಂಡೆ. ಲ್ಯಾಬಿನವರು ಅಂದದ್ದು ‘ಇರಬೋದು’ ಎಂದು. ಊರು ಅದನ್ನು ‘ಹೌದು’ ಮಾಡಿಕೊಂಡಿತ್ತು. ಆ ‘ಇರಬೋದು’ ಕಿವಿಯಾರೆ ಕೇಳಿದ್ದ ನಾನೂ ಊರಿನ ಜೊತೆಗೇ ಇದ್ದೆ. ಕೂಸುಗಳಿಗೆ ಎರೆಸಲು ಎಲೆಅಡಿಕೆ ಹಾಕುವ ಮುದುಕಿಯರನ್ನೇ ಹುಡುಕಿ ಕರೆದುಕೊಂಡು ಹೋಗುವುದು ಆಗ ಎಲ್ಲ ಬೀದಿಯಲ್ಲೂ ನಡೆಯುತ್ತಿತ್ತು.

ಯುಗಾದಿ ಕಳೆದು ಬಿಸಿಲು ಸುಡುತ್ತಿದ್ದ ಒಂದು ದಿನ, ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದೆ. ಚಿನ್ಮಯಿ ಕೋಣೆಯಲ್ಲಿ ಮಲಗಿದ್ದಳು. ಬಚ್ಚಲಿಂದ ಅವ್ವನ ಜೋಗುಳ ಕೇಳುತ್ತಿತ್ತು. ಇಣುಕಿದೆ. ಹಬೆಯಿಲ್ಲ, ಸೆಖೆಗೆ ಕಿಟಕಿ ತೆರೆದಿತ್ತು, ಬಿಸಿಲು ಬಿದ್ದು ಬಚ್ಚಲೆಲ್ಲ ಬೆಳ್ಳಗಿತ್ತು. ಕೂಸು ಅವ್ವನ ಕಾಲ ಮೇಲೆ ಬೋರಲಾಗಿ, ಮುಖ ಈ ಕಡೆ ಹೊರಳಿಸಿ, ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಅದರ ಬೆನ್ನು ಕೆಂಪಗಿತ್ತು. ತೊಡೆಯ ಹಿಂದೆ ಚರ್ಮ ಬೊಬ್ಬೆಯೆದ್ದು ಒಂದು ಕಡೆ ಸುಲಿದು ಜೋತಿತ್ತು. ಅವ್ವ ಇನ್ನೊಂದು ಚೊಂಬು ಎತ್ತಿದಳು.

ನಾನು ಹೋಗಿ ಚೊಂಬು ಕಿತ್ತುಕೊಂಡೆ. ನನ್ನ ಮುಂಗೈಯ ಬಳೆ ಕಿರುಚತೊಡಗಿತು.

‘ಯಾಕೆ ಅದು ಹಂಗೆ ಬಡ್ಕೊಳ್ತೈತೆ?’ ಎಂದಳು ಅವ್ವ. ‘ಕೂಸು ಅಳ್ತಿಲ್ವಲ್ಲೇ.’

ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ಯಾರೂ ಕೂಗಲಿಲ್ಲ. ಹೊರಡುವ ಮುಂಚೆ ಚಿನ್ಮಯಿ ಚೀಲಕ್ಕೆ ಕೂಸಿನ ಬಟ್ಟೆ, ಟವೆಲ್ಲು, ನೀರಿನ ಬಾಟಲಿ ಎಲ್ಲ ನೆನಪು ಮಾಡಿಕೊಂಡು ತುಂಬಿದ್ದಳು. ಕೂಸು ನನ್ನ ತೊಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಮಲಗಿ ಆಟೋದ ಗೆಜ್ಜೆ ಅಲ್ಲಾಡುವುದನ್ನು ನೋಡುತ್ತಿತ್ತು. ನನ್ನ ಎದೆ ಒಡೆಯಬೇಕಿತ್ತು. ಹಾಗೆ ಒಡೆಯಬೇಕಿತ್ತು ಎಂದು ತಿಳಿಯುತ್ತಿತ್ತು, ಅಷ್ಟೇ.

ಅಂದು ಸಂಜೆ ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಎಲೆಯ ಡಬ್ಬಿ ಮುಂದಿಟ್ಟುಕೊಂಡು ತೊಟ್ಟು ಮುರಿಯುತ್ತಿದ್ದಳು.

‘ನಿಂಗೂ ಜೋಮಿತ್ತಾ ಅವ್ವಾ?’

‘ಚಳಿಗಾಲದಿಂದ್ಲೂ ಕೈ ಸತ್ತೈತೆ.’ ಸುಣ್ಣ ಸವರುತ್ತಲೇ ಹೇಳಿದಳು. ‘ಹಬೆ ನೋಡಿ ಹದ ಹಿಡೀತಿದ್ದೆ. ಬ್ಯಾಸಗೇಲಿ ಹಬೆ ಕಾಣ್ಲಿಲ್ಲ. ಕೂಸೂ ಅಳ್ಲಿಲ್ಲ. ನಮ್ ಸೋಲಾರು ಎಂದಾದ್ರೂ ಹಂಗೆ ಕಾದಿತ್ತೇನೇ?’

‘ಮೊದ್ಲೇ ಹೇಳೋಕೆ ಏನಾಗಿತ್ತು?’

‘ಹೇಳಿದ್ರೆ ನನ್ ಕೈಗೆ ಕೂಸು ಕೊಡ್ತಿದ್ರಾ ನೀವು?’

ಹಳೆಯ ವಿಶಾಲಾಕ್ಷಿ ಆಗಿದ್ದರೆ ಆ ಡಬ್ಬಿ ಎತ್ತಿ ಬೀದಿಗೆ ಎಸೆಯುತ್ತಿದ್ದೆ. ನಾನು ಅಡುಗೆಮನೆಗೆ ಹೋಗಿ ಅವಳಿಗೆ ಅನ್ನ ಬಡಿಸಿದೆ. ಅವಳು ಉಂಡಳು.

ಕೆಲವು ದಿನ ಕಳೆದ ಮೇಲೆ ಸುಟ್ಟ ಗಾಯದ ವಾರ್ಡಿನಲ್ಲಿ ಡಾಕ್ಟರಮ್ಮ ಚಿನ್ಮಯಿಯನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು. ಅವರು ಬೇರೆ ಊರಿಂದ ದಿನಾ ಓಡಾಡುವವರು, ನೀರಿನ ಬಾಟಲಿಯನ್ನೂ ಅಲ್ಲಿಂದಲೇ ತರುವವರು. ನಮ್ಮ ಮುಖ ನೋಡಿದರೆ ಅವರಿಗೆ ಹೆದರಿಕೆಯಾಗುತ್ತಿತ್ತು ಅನ್ನಿಸುತ್ತದೆ.

‘ನೋವಾಗ್ತಿಲ್ವಲ್ಲ ಡಾಕ್ಟ್ರೇ, ಅದೊಂದು ಪುಣ್ಯ’ ಎಂದಳು ಚಿನ್ಮಯಿ.

‘ಅದೇ ನನಗೆ ಭಯ ಕಣಮ್ಮಾ. ನೋವಿದ್ರೆ ಮಗು ಮಗ್ಗುಲು ಬದಲಿಸತ್ತೆ, ಒದ್ದಾಡತ್ತೆ. ಇದು ಇಟ್ಟಲ್ಲೇ ಇರತ್ತೆ, ಗಾಯದ ಮೇಲೇ ಮಲಗಿರತ್ತೆ. ದಿನಾ ಗಾಯ ಒಳಕ್ಕೆ ಕೊಳೀತಿದೆ. ಹಸಿವಿಗೂ ಅಳಲ್ಲ, ಬಾಯಿಗಿಟ್ಟ ಹಾಲನ್ನೂ ಎಳೀತಿಲ್ಲ. ತೂಕ ಇಳೀತಿದೆ. ಹೀಗೇ ಆದ್ರೆ ನಾನು ಉಳಿಸ್ಕೊಳ್ಳೋಕಾಗಲ್ಲ.’

‘ಅದಕ್ಕೆ ನೋವು ವಾಪಸ್ ಬಂದ್ರೆ?’ ಎಂದೆ ನಾನು.

‘ಬಂದ್ರೆ ಬಹಳ ನೋವಾಗತ್ತೆ. ನಿಮ್ಮ ಕೈಲಿ ನೋಡೋಕಾಗಲ್ಲ. ಆದ್ರೆ ಬದುಕತ್ತೆ.’

‘ಬೇಡಮ್ಮಾ. ಮೊದ್ಲು ಗಾಯ ವಾಸಿಯಾಗ್ಲಿ. ಈಗ ಯಾಕೆ ನೋವು?’ ಎಂದಳು ಚಿನ್ಮಯಿ. ಅವಳ ದನಿ ತಣ್ಣಗಿತ್ತು. ತರಕಾರಿ ಅಂಗಡಿಯಲ್ಲಿ ಮಾತಾಡುವ ದನಿ ಅದು.

ಜೀನತ್‌ಗೆ ಫೋನು ಮಾಡಿದೆ. ‘ಕೂಸಿಗೆ ಎದೆಹಾಲು ಕೊಡೋ ಚಿನ್ಮಯಿಗೆ ಮಾತ್ರ ಎಲ್ಲಿಂದಾದ್ರೂ ಗಡಸು ನೀರು ತಂದು ಕುಡಿಸಿದ್ರೆ ಆಗಲ್ವಾ?’

‘ಸ್ನಾನ, ಅಡುಗೆ, ಬಟ್ಟೆ, ಆಸ್ಪತ್ರೇಲಿ ಗಾಯ ತೊಳೆಯೋ ನೀರು, ಎಲ್ಲಾದ್ರಲ್ಲೂ ಚೂರಿದೆ ಅಕ್ಕಾ. ಎಷ್ಟಕ್ಕೆ ಅಂತ ಹೊರಗಿಂದ ತರ್ತೀಯಾ? ಅಲ್ಲದೆ ನಿನ್ನ ಮೊಮ್ಮಗಳು ಒಬ್ಬಳೇ ಅಲ್ಲ. ಈ ವರ್ಷ ಹುಟ್ಟಿದ ಯಾವ ಕೂಸೂ ಸರಿಯಾಗಿ ಅಳ್ತಿಲ್ಲ. ಅವ್ರ ಮನೆಯೋರೆಲ್ಲ ಒಳ್ಳೇ ಕೂಸು ಅಂದ್ಕೊಂಡು ಕೂತಿದಾರೆ.’

ಮಾರನೆಯ ದಿನ ಪಾಳಿಯಲ್ಲಿ ಕೂತೆ. ‘ತೊಳೆ’ ಬಟನ್ನಿನ ಮೇಲೆ ಹಸಿರು ದೀಪ ಹತ್ತಿತು, ಒತ್ತುವ ಹೊತ್ತಾಯಿತು ಎಂದು. ನಾನು ಒತ್ತಲಿಲ್ಲ. ದೀಪ ಹಳದಿಯಾಯಿತು, ಕೆಂಪಾಯಿತು. ಕುಬೇರಪ್ಪನವರು ಬಂದು ಪರದೆ ನೋಡಿದರು.

‘ವಿಶಾಲಮ್ಮಾ, ತೊಳೆದಿಲ್ಲ?’

‘ಇಲ್ಲ ಸಾರ್. ಇನ್ಮೇಲೆ ತೊಳೆಯಲ್ಲ.’

‘ಊರೋರೆಲ್ಲ ಕೈ ಎತ್ತಿದ್ರಲ್ಲ?’

‘ಎತ್ತಿದ್ರು. ನಾನೂ ಎತ್ತಿದ್ದೆ.’

‘ಮೇಲಿನೋರು ಕೇಳಿದ್ರೆ?’

‘ಕೇಳ್ಲಿ.’

ಅವರು ಕೆಂಪು ದೀಪವನ್ನು ನೋಡಿದರು. ನನ್ನನ್ನು ಬೈಯಬೇಕಿತ್ತು, ಎಬ್ಬಿಸಿ ಕಳಿಸಬೇಕಿತ್ತು, ಕಡೇಪಕ್ಷ ಬಟನ್ನನ್ನು ತಾವೇ ಒತ್ತಬೇಕಿತ್ತು. ‘ಊಟ ಆಯ್ತಾ?’ ಎಂದರು. ಇನ್ನೂ ಇಲ್ಲ ಎಂದೆ. ಅವರು ಹೊರಟುಹೋದರು. ಮುಂದಿನ ಪಾಳಿಯವರಿಗೆ ಹೇಳಿದೆ,  ‘ಹೌದಾ, ಸರಿ ಬಿಡಿ’ ಎಂದರು. ಇದೇ ನೀರು ಕುಡಿಯುವ ಮೇಲಿನವರೂ ಒಂದು ಸಲ ಫೋನಿನಲ್ಲಿ ಕೇಳಿ ಸುಮ್ಮನಾದರು. ಇಡೀ ಊರಿನ ತೀರ್ಮಾನವನ್ನು ಒಬ್ಬಳು ಮುರಿದರೂ ಅಡ್ಡ ಬರುವಷ್ಟು ಸಿಟ್ಟು ಯಾರಲ್ಲೂ ಉಳಿದಿರಲಿಲ್ಲ.

ಜೇಬುಗಳು ತುಂಬಿ ಗಡಸು ನೀರು ಮನೆಮನೆಗೆ ಹೋಯಿತು. ದೂರಿನ ಫೋನು ಮತ್ತೆ ಮೊಳಗಿತು.

‘ಸೋಪು ನೊರೆ ಬರ್ತಿಲ್ಲ ಮೇಡಂ.’

‘ಹೌದು, ಬರಲ್ಲ.’

‘ಸರಿ ಮೇಡಂ.’

ಮೊದಮೊದಲು ಎಲ್ಲ ಹೀಗೇ. ಬೇಳೆ ಬೇಯುತ್ತಿಲ್ಲ, ಸರಿ. ಲೋಟ ಬೆಳ್ಳಗಾಗುತ್ತಿದೆ, ಸರಿ. ಇತ್ತ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸಿಗೆ ಮೂಗಿನ ನಳಿಗೆಯಲ್ಲಿ ಹಾಲಿಳಿಸಿ, ನರ್ಸುಗಳ ಕೈಯಲ್ಲಿ ಮಗ್ಗುಲು ಬದಲಿಸಿ, ಹೇಗೋ ಹಿಡಿದಿಟ್ಟುಕೊಂಡಿದ್ದರು. ದಿನಾ ಹೋಗಿ ನೋಡುತ್ತಿದ್ದೆ. ಅದು ದಿನಾ ಕಣ್ಣು ಬಿಟ್ಟು ಸುಮ್ಮನೆ ಮಲಗಿರುತ್ತಿತ್ತು. ಚಿನ್ಮಯಿ ಅದರ ಪಕ್ಕ ಕೂತು ಗಡಿಯಾರ ನೋಡುತ್ತಿದ್ದಳು.

ತಿಂಗಳು ದಾಟಿತು, ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಫೋನು ಎತ್ತಿದರೆ ಹೆಂಗಸೊಬ್ಬಳ ದನಿ ಕಿವಿಗೆ ಬಡಿಯಿತು.

‘ಏನ್ರೀ, ಆಟ ಆಡ್ತಿದೀರಾ? ನೀರಾ ಇದು? ತಲೆ ತೊಳೆದ್ರೆ ಕೂದಲೆಲ್ಲ ತೆಂಗಿನ ನಾರು ಆಯ್ತು! ಕೈಯೆಲ್ಲ ಒಡೆದು ಉರೀತಿದೆ! ಕೂತ್ಕೊಂಡು ಸಂಬಳ ಎಣಿಸ್ತೀರಲ್ರೀ, ನಿಮ್ಮ ಮನೆ ಎಕ್ಕುಟ್ಟೋಗ!’

ಫೋನನ್ನು ಕಿವಿಗೆ ಒತ್ತಿಕೊಂಡೆ. ‘ಏನಂದ್ರಿ?’ ಎಂದೆ.

‘ಕಿವಿ ಕೇಳಲ್ವಾ? ಕೈ ಉರೀತಿದೆ ಅಂದೆ!’

‘ಉರೀತಿದೆಯಾ? ಇನ್ನೊಂದ್ಸಲ ಬೈರಿ ತಾಯಿ,’ ಎಂದೆ. ಅವಳು ಬೈದಳು. ನಾನು ಪೂರ್ತಿ ಕೇಳಿಸಿಕೊಂಡೆ.

ಅದಾದ ಕೆಲವೇ ದಿನಕ್ಕೆ ಡಾಕ್ಟರಮ್ಮ ‘ಈಗ ಬಾಯಲ್ಲೇ ಹಾಲು ಎಳೀತಿದೆ, ಮನೇಲೇ ಗಾಯ ನೋಡ್ಕೊಳ್ಳಬಹುದು’ ಎಂದು ಕೂಸನ್ನು ಕಳಿಸಿಕೊಟ್ಟರು. ಆಗಲೂ ಅಳು ಬಂದಿರಲಿಲ್ಲ, ಮುಖ ಮಾತ್ರ ಆಗೀಗ ಕಿವುಚುತ್ತಿತ್ತು. ಅವ್ವ ಅದರ ಹತ್ತಿರ ಹೋಗುತ್ತಿರಲಿಲ್ಲ. ಬಾಗಿಲ ಬಳಿ ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದಳು. ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ಕೇಳಿದರೆ ಉತ್ತರ ಹೇಳುತ್ತಿದ್ದಳು.

ಒಂದು ದಿನ ಪಾಳಿಯ ನಡುವೆ ನನ್ನ ಸ್ವಂತ ಫೋನು ಹೊಡೆದುಕೊಂಡಿತು. ಚಿನ್ಮಯಿ. ಮಾತಿಲ್ಲ. ಬರೀ ಕೂಸಿನ ಅಳು. ಗಂಟಲು ಹರಿದು, ಉಸಿರು ಕಟ್ಟಿ, ಮತ್ತೆ ಮೊದಲಿನಿಂದ ಶುರುವಾಗುವ ಅಳು. ಅದರ ಹಿಂದೆಯೇ ಮಗಳ ದನಿ.

‘ಕೇಳಿಸ್ಕೋ! ಕೇಳಿಸ್ತಾ? ಬೆನ್ನು ಮುಟ್ಟೋಕೆ ಬಿಡ್ತಿಲ್ಲ! ಬೇಡ ಅಂದ್ನಲ್ಲಮ್ಮಾ ನಾನು! ಬೇಡ ಅಂತ ಹೇಳ್ಲಿಲ್ವಾ?’ ಅವಳೂ ಅಳುತ್ತಿದ್ದಳು. ‘ನಾನು ಅವತ್ತು ಒಳಗೆ ಮಲಗಿದ್ನಲ್ಲಮ್ಮಾ... ಮಲಗಿದ್ದೆ ನಾನು...’

ನನ್ನ ಎದೆ ಒಡೆದದ್ದು ಆಗ. ಆಟೋದಲ್ಲಿ ಆಗಬೇಕಾಗಿದ್ದದ್ದು ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಆಯಿತು. ಬಾಯಿ ಬಡಿದುಕೊಂಡು ಅತ್ತೆ. ಕುಬೇರಪ್ಪನವರು ಓಡಿ ಬಂದವರು ‘ಏನಾಯ್ತು ವಿಶಾಲಮ್ಮಾ, ಏನಾಯ್ತು?’ ಎನ್ನುತ್ತ ತಾವೂ ಕಣ್ಣೊರೆಸಿಕೊಂಡರು. ಪಾಳಿಯನ್ನು ಅವರ ಕೈಗೆ ಬಿಟ್ಟು ಮನೆಗೆ ಓಡಿದೆ.

ಬೀದಿಯ ತಿರುವಿನಲ್ಲೇ ಅಳು ಕೇಳುತ್ತಿತ್ತು. ಒಂದು ಮನೆಯದಲ್ಲ, ಇನ್ನೆರಡು ಮನೆಯಿಂದಲೂ ಕೂಸುಗಳು ಅಳುತ್ತಿದ್ದವು. ಒಳಗೆ ಚಿನ್ಮಯಿ ಚಾಪೆಯ ಮೇಲೆ ಕೂತು ಬೀಸಣಿಗೆ ಬೀಸುತ್ತಿದ್ದಳು. ಕೂಸು ಯಾರ ಸಹಾಯವೂ ಇಲ್ಲದೆ ತಾನೇ ಮಗ್ಗುಲಿಗೆ ಹೊರಳಿ, ಬೆನ್ನನ್ನು ಗಾಳಿಗೆ ಬಿಟ್ಟು, ಮುಷ್ಟಿ ಬಿಗಿಹಿಡಿದು ಕಿರುಚುತ್ತಿತ್ತು. ಮುಖ ಕೆಂಪಾಗಿತ್ತು. ಚಿನ್ಮಯಿ ನನ್ನ ಮುಖ ನೋಡಲಿಲ್ಲ.

‘ಅವ್ವ ಎಲ್ಲಿ?’ ಎಂದೆ.

ಬಾಗಿಲ ಬಳಿ ಎಲೆಯ ಡಬ್ಬಿ ತೆರೆದಂತೆಯೇ ಇತ್ತು. ಬಚ್ಚಲ ಬಾಗಿಲು ಅರೆ ಮುಚ್ಚಿತ್ತು.

ಅವ್ವ ಮಣೆಯ ಮೇಲೆ ಎರಡೂ ಕಾಲು ನೀಡಿ ಕೂತಿದ್ದಳು, ಎರೆಯಲು ಕೂರುತ್ತಿದ್ದಂತೆಯೇ. ಕಾಲ ಮೇಲೆ ಏನೂ ಇರಲಿಲ್ಲ. ಪಕ್ಕದಲ್ಲಿ ಸೋಲಾರಿನ ನಲ್ಲಿಯಿಂದ ಹಿಡಿದ ಬಕೆಟ್ಟು. ಕೊಳವೆಗಳಲ್ಲಿ ಬಿಸಿ ತಡೆಯುವಷ್ಟು ಹಕ್ಕಳೆ ಇನ್ನೂ ಕಟ್ಟಿರಲಿಲ್ಲ, ನೀರು ಕೂಸು ಸುಟ್ಟ ದಿನದಷ್ಟೇ ಕಾದಿತ್ತು. ಅವಳ ಬಲಗೈ ಮುಂಗೈವರೆಗೆ ನೀರಿನೊಳಗಿತ್ತು. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಮಾತ್ರ ತೆಗೆದಿರಲಿಲ್ಲ.

‘ಅವ್ವಾ! ತೆಗಿ ಕೈ!’

‘ಸುಡ್ತೈತೆ ಕಣೇ ವಿಶಾಲಿ,’ ಎಂದಳು. ‘ಇಷ್ಟು ಸುಡ್ತಿತ್ತಾ ಅದಕ್ಕೆ?’

ನಾನು ಬಕೆಟ್ಟಿಗೆ ಕೈಯಿಟ್ಟು ಅವಳ ಮುಂಗೈ ಹಿಡಿದು ಹೊರಗೆಳೆದೆ. ನನ್ನ ಬಳೆ ಕಿರುಚಿತು, ನನಗೂ ಸುಟ್ಟಿತು. ಒಳಗೆ ಕೂಸು ಅಳುತ್ತಲೇ ಇತ್ತು.

‘ಹೇಳೇ,’ ಎಂದಳು. ‘ಇಷ್ಟು ಸುಡ್ತಿತ್ತಾ?’

‘ಹೌದವ್ವಾ,’ ಎಂದೆ.